ಚಿಕ್ಕಮಗಳೂರು ಸುತ್ತ ಗಾಡಿ ಕಾಟ ಇಲ್ದೆ ರೋಡ್ ಬೈಕ್ ತುಳಿಯೋಕೆ ರೂಟ್ ಹೇಳಿ (3 ದಿನ, ಡಿಸೆಂಬರ್)

ಎರಡ್‌ಚಕ್ರ
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ನಂದಿ ಬೆಟ್ಟ ಹತ್ತಿ ಹತ್ತಿ ಸಾಕಾಗಿದೆ, ಈಗ ಅಲ್ಲೂ ವೀಕೆಂಡ್ ಬಂದ್ರೆ ನಸುಕಲ್ಲೇ ಕಾರಿನ ಸಾಲು. ಡಿಸೆಂಬರಲ್ಲಿ ಮೂರು ದಿನ ರಜೆ ಹಾಕಿ ಚಿಕ್ಕಮಗಳೂರು ಕಡೆ ಬರೋಣ ಅಂತಿದೀನಿ. ಸೈಕಲ್ಲು ರೋಡ್ ಬೈಕ್, 28 ಎಂಎಂ ಟೈರು, ಗೇರ್ ಹಲ್ಲು ಮುಂದೆ 50/34 ಹಿಂದೆ 11-28. ದಿನಕ್ಕೆ 80 ಕಿಮೀ ಆಸುಪಾಸು ಆಗುತ್ತೆ, ಏರು ಇದ್ರೆ ಖುಷಿನೇ, ಆದ್ರೆ ಹಿಂದಿಂದ ಹಾರ್ನ್ ಹೊಡ್ಕೊಂಡು ಬರೋ ಗಾಡಿ ಮಾತ್ರ ಬೇಡ. ಸದ್ಯಕ್ಕೆ ಪ್ಲಾನ್ ಅಂದ್ರೆ ಮೊದಲ್ನೇ ದಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಎರಡ್ನೇ ದಿನ ಅಲ್ಲಿಂದ ಕೆಮ್ಮಣ್ಣುಗುಂಡಿ, ಮೂರ್ನೇ ದಿನ ವಾಪಸ್. ಹೆಂಗಿದೆ? ತಿಳಿದೋರು ಹೇಳಿ.

ರೋಬಸ್ಟಾ
ಗಾಡಿ ಕಾಟ ಬೇಡ ಅಂತೀರ, ಮುಳ್ಳಯ್ಯನಗಿರಿ ಅಂತೀರ. ಎರಡ್ರಲ್ಲಿ ಒಂದು ತಗೊಳ್ಳಿ 😄

ಸಂತವೇರಿ_ಕಡೆಯೋನು
ಸ್ವಾಮಿ ಮೊದ್ಲು ಆ ಪ್ಲಾನ್ ಬಿಡಿ. ಕೈಮರದಿಂದ ಮೇಲಕ್ಕೆ ಹೋಗೋ ರೋಡು ಕಿರಿದು, ಮೇಲಿಂದ ಟೆಂಪೋ ಟ್ರಾವೆಲರ್ ಬಂತು ಅಂದ್ರೆ ಸೈಕಲ್ ಎತ್ಕೊಂಡು ಚರಂಡಿಗೆ ಇಳೀಬೇಕು. ವಾರದ ಮಧ್ಯ ಬೆಳಗ್ಗೆ ಆರೂವರೆಗೆ ಹೊರಟ್ರೆ ಅದೂ ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ, 1,930 ಮೀಟರು, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರ ಇನ್ನೊಂದಿಲ್ಲ, ಹತ್ತಿದೀನಿ ಅಂತ ಹೇಳ್ಕೋಬಹುದು. ಇನ್ನು ಗಿರಿಯಿಂದ ಕೆಮ್ಮಣ್ಣುಗುಂಡಿಗೆ ಒಳಗಡೆಯಿಂದ ರೋಡ್ ಇದೆ ಅಂತ ಮ್ಯಾಪ್ ತೋರ್ಸುತ್ತೆ, ಅದು ಜೀಪ್ ದಾರಿ, ಕಲ್ಲು, ಜೊತೆಗೆ ಫಾರೆಸ್ಟು. 28 ಎಂಎಂ ಟೈರಿಗೆ ಅಲ್ಲಿ ಕೆಲ್ಸ ಇಲ್ಲ. ಡಿಸೆಂಬರ್ ಅಂದ್ರೆ ಇನ್ನೊಂದು ವಿಷ್ಯ, ದತ್ತ ಜಯಂತಿ ಮಾರ್ಗಶಿರ ಹುಣ್ಣಿಮೆಗೆ ಬರುತ್ತೆ, ಆ ಮೂರ್ನಾಲ್ಕು ದಿನ ಗಿರಿ ಕಡೆ ಪೊಲೀಸ್ ಬಂದೋಬಸ್ತು, ಪ್ರವಾಸಿಗರಿಗೆ ಸಾಮಾನ್ಯವಾಗಿ ನಿರ್ಬಂಧ ಹಾಕ್ತಾರೆ. ಕ್ಯಾಲೆಂಡರ್ ನೋಡ್ಕೊಂಡು ರಜೆ ಹಾಕಿ.

ಗಿರಿ ಮೇಲೆ ಹೋಗೋ ಬದ್ಲು ಗಿರಿ ಬುಡದಲ್ಲಿ ಸುತ್ತಿ. ಚಂದ್ರದ್ರೋಣ ಪರ್ವತ ಕುದುರೆ ಲಾಳದ ಆಕಾರ ಅಲ್ವಾ, ಲಾಳದ ಒಳಗಡೆ ಜಾಗರ ಕಣಿವೆ, ಭದ್ರಾ ಹುಲಿ ಅಭಯಾರಣ್ಯ, ಅಲ್ಲಿ ನಿಮ್ಮನ್ನ ಸೈಕಲಲ್ಲಿ ಬಿಡಲ್ಲ. ಆದ್ರೆ ಹೊರಗಡೆ, ಅಂದ್ರೆ ಪೂರ್ವದ ಕಡೆ, ಮಲ್ಲೇನಹಳ್ಳಿ, ಸಂತವೇರಿ, ಲಿಂಗದಹಳ್ಳಿ, ಆಮೇಲೆ ಕೆಳಗೆ ಸಖರಾಯಪಟ್ಟಣ, ಅಯ್ಯನಕೆರೆ, ಈ ಪಟ್ಟಿ ಇದ್ಯಲ್ಲ, ಇಲ್ಲಿ ಮಲೆನಾಡು ಮುಗ್ದು ಬಯಲುಸೀಮೆ ಶುರುವಾಗುತ್ತೆ. ಒಂದು ತಿರುವಲ್ಲಿ ಕಾಫಿ ಸಿಲ್ವರ್ ಓಕು, ಇನ್ನೆರಡು ಕಿಮೀ ಇಳಿದ್ರೆ ರಾಗಿ, ತೆಂಗು, ಈರುಳ್ಳಿ ಹೊಲ. ಟೂರಿಸ್ಟ್ ಬಸ್ಸು ಈ ಕಡೆ ತಿರುಗಲ್ಲ, ಯಾಕಂದ್ರೆ ಇಲ್ಲಿ ಇಳಿದು ಫೋಟೋ ತಗೊಂಡು ಹತ್ತೋ ಅಂಥ ಪಾಯಿಂಟ್ ಇಲ್ಲ. ಒಂದೇ ಒಂದು ದಿನ ಮಾತ್ರ ಈ ಕಡೆ ತಲೆ ಹಾಕ್ಬೇಡಿ, ದೀಪಾವಳಿ ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತೋಕೆ ಮಲ್ಲೇನಹಳ್ಳಿ ಬಿಂಡಿಗ ಕಡೆ ಜನಸಾಗರ. ಡಿಸೆಂಬರಲ್ಲಿ ಆ ತೊಂದ್ರೆ ಇಲ್ಲ.

ಎರಡ್‌ಚಕ್ರ
ಓ ಇದು ಗೊತ್ತೇ ಇರ್ಲಿಲ್ಲ, ಸಖತ್. ಯಾವ ಕಡೆಯಿಂದ ಶುರು ಮಾಡ್ಲಿ? ಚಿಕ್ಕಮಗಳೂರಿಂದ ಸಂತವೇರಿ ಇಳ್ಕೊಂಡು ಹೋಗೋದಾ, ಉಲ್ಟಾನಾ?

ಗೇರ್_ಮೇಷ್ಟ್ರು
ಉಲ್ಟಾ. ಕಾರಣ ಹೇಳ್ತೀನಿ ಕೇಳಿ. ಚಿಕ್ಕಮಗಳೂರು ಪೇಟೆನೇ ಹತ್ರ ಹತ್ರ 1,090 ಮೀಟರಲ್ಲಿದೆ, ಕಡೂರು ಬಯಲು 760ರ ಸುಮಾರು. ಚಿಕ್ಕಮಗಳೂರಿಂದ ಹೊರಟ್ರೆ ಬೆಳಗ್ಗೆ ಮೈ ಬಿಸಿಯಾಗೋ ಮುಂಚೆನೇ ಸಂತವೇರಿ ಘಾಟಿ ಇಳಿದುಬಿಡ್ತೀರ, ಆಮೇಲೆ ಮಧ್ಯಾಹ್ನ ಸಖರಾಯಪಟ್ಟಣದಿಂದ ವಾಪಸ್ ಬರೋ ಉದ್ದನೆ ಏರು, ನೆರಳಿಲ್ಲ, ಅದೂ ನ್ಯಾಷನಲ್ ಹೈವೇ 173. ಉಲ್ಟಾ ಮಾಡಿದ್ರೆ ಬೆಳಗ್ಗೆ ತಂಪಲ್ಲಿ ಬಯಲು, ಘಾಟಿ ಮಧ್ಯಾಹ್ನದ ಮೇಲೆ. ಸಂತವೇರಿ ಇಳಿಜಾರು ಪೂರ್ವಕ್ಕೆ ಮುಖ ಮಾಡಿದೆ, ಮೂರು ಗಂಟೆ ಮೇಲೆ ಸೂರ್ಯ ಗಿರಿ ಹಿಂದಕ್ಕೆ ಜಾರ್ತಾನೆ, ಇಡೀ ಏರು ನೆರಳು. ಡಿಸೆಂಬರಲ್ಲಿ ಇದು ಸಣ್ಣ ವಿಷ್ಯ ಅಲ್ಲ, ಬಿಸಿಲು ಆಗ ಇನ್ನೂ ಚುರುಕಾಗೇ ಇರುತ್ತೆ.

ಇನ್ನು 11-28 ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಸೆಟ್ಟು) ಬದ್ಲಾಯ್ಸಿ ಬನ್ನಿ, 11-34 ಹಾಕ್ಸಿ, ರಿಯರ್ ಡಿರೇಲರ್ (ಹಿಂದೆ ಚೈನ್ ಸರಿಸಿ ಗೇರ್ ಬದ್ಲಾಯ್ಸೋ ಭಾಗ) ತಗೊಳ್ಳುತ್ತಾ ಅಂತ ಮೆಕ್ಯಾನಿಕ್ ಹತ್ರ ಕೇಳಿ, ಕೆಲವಕ್ಕೆ ಉದ್ದ ಕೇಜ್ ಬೇಕಾಗುತ್ತೆ. ಲೆಕ್ಕ ಸಿಂಪಲ್ಲು. ಚಕ್ರ ಒಂದು ಸುತ್ತು ಅಂದ್ರೆ 2.1 ಮೀಟರು. ನಿಮಿಷಕ್ಕೆ 60 ಸಲ ತುಳಿದ್ರೆ 34ಕ್ಕೆ 34 ಹಾಕ್ಕೊಂಡಾಗ ಗಂಟೆಗೆ ಏಳೂವರೆ ಕಿಮೀ ಹೋಗ್ತೀರ, 34ಕ್ಕೆ 28 ಹಾಕಿದ್ರೆ ಅದೇ ತುಳಿತಕ್ಕೆ 9ರ ಮೇಲೆ ಹೋಗ್ಲೇಬೇಕು. ನೀವು, ಸೈಕಲ್ಲು, ಬ್ಯಾಗು ಸೇರಿ 85 ಕೆಜಿ ಅಂತ ಇಟ್ಕೊಳ್ಳಿ, 10 ಪರ್ಸೆಂಟ್ ಏರಲ್ಲಿ ಮೊದಲ್ನೇದಕ್ಕೆ 180 ವ್ಯಾಟ್ ಸಾಕು, ಎರಡ್ನೇದಕ್ಕೆ 220 ಬೇಕು. ಒಂದೇ ದಿನಕ್ಕಾದ್ರೆ ಹೆಂಗೋ ಹತ್ತಿಬಿಡ್ತೀರ, ಮೂರ್ನೇ ದಿನ ಮಂಡಿ ಮಾತಾಡುತ್ತೆ.

ಘಾಟಿಹುಚ್ಚು
ಮೇಷ್ಟ್ರೆ ನಮ್ಮೂರಲ್ಲಿ ಹಾಲಿನವ್ರು ಗೇರೇ ಇಲ್ದಿರೋ ಸೈಕಲಲ್ಲಿ ಎರಡು ಕ್ಯಾನ್ ಕಟ್ಕೊಂಡು ಹತ್ತುತಿದ್ರು

ಗೇರ್_ಮೇಷ್ಟ್ರು
ತುಳ್ಕೊಂಡಲ್ಲ, ತಳ್ಕೊಂಡು.

ಎರಡ್‌ಚಕ್ರ
ಹಹ. ಸರಿ, ಕ್ಯಾಸೆಟ್ ಬದ್ಲಾಯಿಸ್ತೀನಿ. ಹಂಗಾದ್ರೆ ಕಡೂರಿಂದ ಶುರು ಮಾಡ್ಬೋದಾ, ಟ್ರೇನಲ್ಲಿ ಬಂದು? ಸೈಕಲ್ ಹೆಂಗೆ ತರೋದು?

ಒಬ್ಬಳೇ_ಸವಾರಿ
ಕಡೂರು ಬೆಸ್ಟ್. ಬೆಂಗಳೂರು–ಹುಬ್ಬಳ್ಳಿ ಮೇನ್ ಲೈನ್ ಆಗಿರೋದ್ರಿಂದ ರಾತ್ರಿ ಹೊರಟು ಬೆಳಗ್ಗೆ ಇಳಿಯೋ ಹಾಗೆ ಗಾಡಿ ಸಿಗುತ್ತೆ. ಚಿಕ್ಕಮಗಳೂರಿಗೂ 2013ರಿಂದ ರೈಲಿದೆ, ಆದ್ರೆ ಗಾಡಿ ಕಮ್ಮಿ, ಟೈಮು ನಮಗೆ ಹೊಂದಲ್ಲ. ಪಾರ್ಸೆಲ್ ಆಫೀಸಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನಿಗೆ (ಲಗೇಜ್ ಡಬ್ಬಿಗೆ) ಹಾಕ್ಬೋದು, ಆದ್ರೆ ಕಡೂರಲ್ಲಿ ಗಾಡಿ ನಿಲ್ಲೋದೇ ಒಂಚೂರು ಹೊತ್ತು, ಆ ತುದಿಯ ವ್ಯಾನಿಗೆ ಓಡಿ ಇಳಿಸ್ಕೊಳ್ಳೋ ಟೆನ್ಷನ್ ಯಾಕೆ? ನಾನು ಎರಡೂ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಸೈಕಲ್ ಬ್ಯಾಗಲ್ಲಿ ಹಾಕಿ ಬರ್ತೀನಿ, ಸೀಟಿನ ಕೆಳಗೆ ಓರೆಯಾಗಿ ಕೂರುತ್ತೆ. ಡಿರೇಲರ್ ಮೇಲಕ್ಕೆ ಬರೋ ಹಂಗೆ ಇಡಿ, ಯಾರೋ ಸೂಟ್‌ಕೇಸ್ ದೂಡಿದ್ರೆ ಅದನ್ನ ಫ್ರೇಮಿಗೆ ಹಿಡಿದಿರೋ ಹ್ಯಾಂಗರ್ ಬಾಗುತ್ತೆ.

ಸಂತವೇರಿ_ಕಡೆಯೋನು
ಹಾಗಾದ್ರೆ ಮೊದಲ್ನೇ ದಿನ ಸೆಟ್ಟು. ಕಡೂರಿಂದ ಸಖರಾಯಪಟ್ಟಣ ಹೈವೇನಲ್ಲೇ ಬನ್ನಿ, ಬೆಳಗ್ಗೆ ಹೊತ್ತು ಪರವಾಗಿಲ್ಲ, ಸುಮ್ನೆ ಎಡಕ್ಕೆ ಬರ್ತಿರಿ. ಸಖರಾಯಪಟ್ಟಣದಲ್ಲಿ ತಿಂಡಿ ಮುಗ್ಸಿ ಅಯ್ಯನಕೆರೆಗೆ ತಿರುಗಿ. ಕೆರೆ ಏರಿ ಮೇಲೆ ನಿಂತ್ರೆ ಪಕ್ಕದಲ್ಲೇ ಶಕುನಗಿರಿ, ಹಿಂದೆ ಗಿರಿ ಸಾಲು, ನಿಮಗೆ ಮಧ್ಯಾಹ್ನ ಹತ್ತೋಕಿರೋದು ಇದೇ ಅಂತ ಪೂರ್ತಿ ಕಾಣುತ್ತೆ. ಮಳೆ ಚೆನ್ನಾಗಿ ಬಂದ ವರ್ಷ ಕೋಡಿ ಬಿದ್ದಿದ್ರೆ ಜನ ಸೇರ್ತಾರೆ, ಡಿಸೆಂಬರಲ್ಲಿ ವಾರದ ದಿನ ಅಂದ್ರೆ ಮೀನು ಹಿಡಿಯೋರು, ಎಮ್ಮೆ ಮೈ ತೊಳೆಯೋರು, ಅಷ್ಟೆ. ಅಲ್ಲಿಂದ ಲಿಂಗದಹಳ್ಳಿ ತನಕ ಹಳ್ಳಿ ರೋಡುಗಳು, ಗಿರಿ ಯಾವಾಗ್ಲೂ ನಿಮ್ಮ ಎಡಗೈ ಕಡೆ ಇರ್ಬೇಕು, ಅದೊಂದು ನೆನಪಿಟ್ಕೊಂಡ್ರೆ ದಾರಿ ತಪ್ಪಲ್ಲ. ಫೋನ್ ನೋಡೋದಕ್ಕಿಂತ ಸರ್ಕಲಲ್ಲಿ ಲಿಂಗದಹಳ್ಳಿ ಯಾವ ಕಡೆ ಅಂತ ಕೇಳಿ, ಯಾವ ರೋಡ್ ಕಿತ್ತೋಗಿದೆ ಯಾವುದು ಹೊಸದಾಗಿ ಟಾರ್ ಹಾಕಿದಾರೆ ಅಂತಲೂ ಅವ್ರೇ ಹೇಳ್ತಾರೆ.

ಲಿಂಗದಹಳ್ಳಿಲಿ ಊಟ ಮಾಡಿ, ನೀರು ತುಂಬ್ಸಿ. ಕಾಲಲ್ಲಿ ಶಕ್ತಿ ಇದ್ರೆ ಕಲ್ಲತ್ತಿಪುರದ ತನಕ ಹೋಗಿ ಬರ್ಬಹುದು, ವೀರಭದ್ರ ದೇವಸ್ಥಾನದ ಪಕ್ಕಕ್ಕೇ ನೀರು ಬೀಳುತ್ತೆ. ಅದರ ಮೇಲೆ ಕೆಮ್ಮಣ್ಣುಗುಂಡಿ 1,434 ಮೀಟರು, ಒಂದು ಕಾಲದಲ್ಲಿ ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗ್ತಿದ್ದ ಜಾಗ, ಆ ರೋಡು ಕಡಿದಾಗಿದೆ, ಅದನ್ನ ಅದೇ ದಿನ ಸೇರಿಸ್ಬೇಡಿ. ಸಂತವೇರಿ ಏರೋಕೆ ಎರಡೂವರೆ ಮೂರಕ್ಕೆ ಲಿಂಗದಹಳ್ಳಿ ಬಿಡಿ, ಬೆಳಕಿರೋವಾಗ್ಲೇ ಚಿಕ್ಕಮಗಳೂರು ಸೇರ್ಬೇಕು.

ತುಳುನಾಡ್_ಸೈಕಲ್
ನೀವು ಎಂತ ಮಾರಾಯ್ರೆ, ಇಷ್ಟು ದೂರ ಬಂದು ಘಾಟಿನೇ ಇಳಿಯದೆ ಹೋಗುದಾ? ನಮ್ಮ ಬಜಗೋಳಿಯಿಂದ ಮಾಳ, ಎಸ್.ಕೆ. ಬಾರ್ಡರ್, ಕುದುರೆಮುಖ ಆ ರೋಡ್ ಉಂಟಲ್ಲ, ಅದಕ್ಕಿಂತ ಚಂದದ ರೋಡ್ ನಾನು ನೋಡ್ಲಿಲ್ಲ. ಗಣಿ ನಡೀತಿದ್ದ ಕಾಲಕ್ಕೆ ಮಾಡಿದ ಅಲೈನ್‌ಮೆಂಟು, ಏರು ಒಂದೇ ಹದದಲ್ಲಿ ಉಂಟು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶಕ್ಕೆ ಗಣಿ ನಿಂತ ಮೇಲೆ ಲಾರಿ ಸಹ ಹೋಯ್ತು. ಎರಡೂ ಕಡೆ ಶೋಲ ಕಾಡು, ಮೇಲೆ ಹುಲ್ಲು ಗುಡ್ಡ.

ರೋಬಸ್ಟಾ
ಚೆಂದ ಹೌದು, ಆದ್ರೆ ನ್ಯಾಷನಲ್ ಪಾರ್ಕ್ ಒಳಗೆ. ಚೆಕ್‌ಪೋಸ್ಟಲ್ಲಿ ಟೈಮ್ ಬರೆದು ಚೀಟಿ ಕೊಡ್ತಾರೆ, ಮಧ್ಯ ಎಲ್ಲೂ ನಿಲ್ಲಿಸ್ಬಾರ್ದು ಅಂತ. ಕಾರಿಗೆ ಲೆಕ್ಕ ಹಾಕಿರೋ ಟೈಮಲ್ಲಿ ಸೈಕಲ್ ದಾಟಕ್ಕಾಗುತ್ತಾ? ಗೇಟಲ್ಲೇ ಮಾತಾಡ್ಕೊಂಡು ಹೋಗ್ಬೇಕು, ಬಿಡ್ಲಿಲ್ಲ ಅಂದ್ರೆ ವಾಪಸ್ ತಿರುಗೋ ಮನಸ್ಸಿರ್ಬೇಕು. ಮೂರೇ ದಿನ ಇರೋರಿಗೆ ಹೇಳೋ ರೂಟಲ್ಲ ಅದು.

ತುಳುನಾಡ್_ಸೈಕಲ್
ಅದು ಸರಿ. ಮಾತಾಡಿ ಹೋಗುದು ಒಳ್ಳೇದು.

ಹೆತ್ತೂರ್_ಹೈದ
ಘಾಟಿ ಬೇಕು ಅಂದ್ರೆ ಬಿಸಿಲೆಗೆ ಬನ್ರಪ್ಪ. ಸಕಲೇಶಪುರದಿಂದ ಹೆತ್ತೂರು, ವಣಗೂರು ಕೂಡುರಸ್ತೆ, ಬಿಸಿಲೆ, ಅಲ್ಲಿಂದ ಕುಳ್ಕುಂದಕ್ಕೆ ಇಳಿದ್ರೆ ಸುಬ್ರಹ್ಮಣ್ಯ. ಧರ್ಮಸ್ಥಳದ ಗಾಡಿ ಚಾರ್ಮಾಡೀಲಿ ಹೋಗುತ್ತೆ, ಟ್ಯಾಂಕರು ಲಾರಿ ಶಿರಾಡೀಲಿ ಹೋಗುತ್ತೆ, ನಮ್ಮ ಬಿಸಿಲೆ ಪಾಡಿಗೆ ಅದು ನೆರಳಲ್ಲಿ ಮಲಗಿರುತ್ತೆ. ಬಿಸಿಲೆ ವ್ಯೂ ಪಾಯಿಂಟಿಂದ ಕುಮಾರಪರ್ವತ ಎದುರಿಗೇ ಕಾಣುತ್ತೆ. ದಾರೀಲಿ ಮಂಕನಹಳ್ಳಿ ಹತ್ರ ಒಂದು ಕಲ್ಲು ಇದೆ, ಅದರ ಈಚೆ ಬಿದ್ದ ಮಳೆ ಹೇಮಾವತಿ ಸೇರಿ ಬಂಗಾಳ ಕೊಲ್ಲಿಗೆ, ಆಚೆ ಬಿದ್ದಿದ್ದು ಕುಮಾರಧಾರೆ ಸೇರಿ ಅರಬ್ಬಿ ಸಮುದ್ರಕ್ಕೆ. ಸೈಕಲ್ ಒರಗ್ಸಿ ಬಾಟ್ಲಿ ನೀರು ಎರಡೂ ಕಡೆ ಚೆಲ್ಲಿ ಬನ್ನಿ 😀

ಘಾಟಿಹುಚ್ಚು
ಬಿಸಿಲೆ ಸೂಪರ್, ಆನೆ ವಿಷ್ಯ ಯಾಕೆ ಹೇಳ್ಲಿಲ್ಲ

ಹೆತ್ತೂರ್_ಹೈದ
ಹೇಳ್ತೀನಿ ಇರಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಈ ನಾಲ್ಕು ತಾಲೂಕಲ್ಲಿ ಆನೆ ಅನ್ನೋದು ದಿನನಿತ್ಯದ ಮಾತು. ಕಾಡಲ್ಲಿ ಅಲ್ಲ, ಕಾಫಿ ತೋಟದಲ್ಲೇ ಇರುತ್ವೆ, ಹಗಲು ತೋಟದ ಒಳಗೆ ನಿಂತು ಸಂಜೆ ರೋಡ್ ದಾಟ್ತವೆ. ಫಾರೆಸ್ಟ್‌ನವ್ರು ಎಲ್ಲಿದೆ ಅಂತ ಮೆಸೇಜ್ ಕಳಿಸ್ತಾರೆ, ಕೆಲವು ಕಡೆ ರೋಡಲ್ಲೇ ಬೋರ್ಡ್ ಇದೆ. ಸೈಕಲಿಗೆ ಸದ್ದಿಲ್ಲ, ಅದೇ ತೊಂದ್ರೆ. ಬೈಕ್ ಸದ್ದು ಕೇಳಿ ಅದು ಮೊದ್ಲೇ ಸರಿಯುತ್ತೆ, ನೀವು ಇಳಿಜಾರಲ್ಲಿ ನಲವತ್ತರಲ್ಲಿ ಸೊಂಯ್ ಅಂತ ತಿರುವಿಗೆ ಬಂದ್ರೆ ಅದಕ್ಕೂ ಗಾಬರಿ ನಿಮಗೂ ಗಾಬರಿ. ಆರೂವರೆ ಮುಂಚೆ ಹೊರಡ್ಬೇಡಿ, ಐದೂವರೆ ಮೇಲೆ ರೋಡಲ್ಲಿರ್ಬೇಡಿ. ಲದ್ದಿ ಇನ್ನೂ ಹಸಿ ಇದ್ರೆ, ಬೈನೆ ಮರ ಈಗಷ್ಟೇ ಸೀಳಿ ಹಾಕಿದ್ರೆ ನಿಂತ್ಕೊಂಡು ಕಾಯಿರಿ, ಹಿಂದಿಂದ ಜೀಪೋ ಬಸ್ಸೋ ಬರುತ್ತೆ, ಅದ್ರ ಹಿಂದೆ ಹೋಗಿ. ತೋಟದಲ್ಲಿ ಕೆಲ್ಸ ಮಾಡೋರು ಹೋಗ್ಬೇಡ ಅಂದ್ರೆ ಹೋಗ್ಬೇಡಿ ಅಷ್ಟೆ, ವಾದ ಮಾಡ್ಬೇಡಿ.

ಧಾರವಾಡ_ಫೇಡಾ
ಏನ್ರೀ ಎಲ್ಲಾರೂ ಚಿಕ್ಕಮಗಳೂರು ಸಕಲೇಶಪುರ ಅಂತೀರಿ. ನಮ್ಮ ಕಡೆ ಹಳಿಯಾಳ, ದಾಂಡೇಲಿ, ಜೋಯಿಡಾ, ಕುಂಬಾರವಾಡಾ ಹಾದಿ ಹಿಡದು ನೋಡ್ರಿ ಒಮ್ಮೆ. ಧಾರವಾಡದಿಂದ ಹೊಂಟ್ರ ಮೊದ್ಲ ಬಯಲು, ಆಮ್ಯಾಲ ಸಣ್ಣ ಸಣ್ಣ ದಿಬ್ಬ, ಹಂಗ ಕಾಡು ಶುರು ಆಗತೈತಿ, ಏರು ಅಂದ್ರ ಒಮ್ಮೆಲೆ ಎದಿ ಮ್ಯಾಲೆ ಬರೂದಿಲ್ಲ. ದಾಂಡೇಲಿ ತನಕಾ ರಾಫ್ಟಿಂಗ್ ಮಂದಿ ಗಾಡಿ, ಜೋಯಿಡಾ ದಾಟಿದ್ರ ಶಾಂತ. ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅದು, ಹಗಲಿನ್ಯಾಗಷ್ಟ ಹೋಗ್ರಿ.

ಎರಡ್‌ಚಕ್ರ
ಫೇಡಾ ಸರ್ ನೋಟ್ ಮಾಡ್ಕೊಂಡೆ, ಮುಂದಿನ ಸಲಕ್ಕೆ. ಬಿಸಿಲೆನೂ ಬೇರೆ ಟ್ರಿಪ್ಪಿಗೆ ಇಡ್ತೀನಿ. ಈಗ ಎರಡ್ನೇ ದಿನ ಮೂರ್ನೇ ದಿನಕ್ಕೆ ಕಳಸ ನೋಡ್ತಿದೀನಿ. ಮ್ಯಾಪಲ್ಲಿ ಬಾಳೆಹೊನ್ನೂರಿಂದ ಕಳಸಕ್ಕೆ ಒಳಗೊಳಗೇ ಹೋಗೋ ತುಂಬಾ ಸಣ್ಣ ಸಣ್ಣ ರೋಡುಗಳು ಕಾಣ್ತಿವೆ, ಅದ್ರಲ್ಲಿ ಹೋದ್ರೆ ಒಂದೂ ಗಾಡಿ ಇರಲ್ಲ ಅನ್ಸುತ್ತೆ. ಸರಿನಾ?

ಒಬ್ಬಳೇ_ಸವಾರಿ
ಇಲ್ಲಿ ಒಂದ್ ನಿಮಿಷ ನಿಲ್ಲಿ. ಮ್ಯಾಪಲ್ಲಿ ತೆಳ್ಳಗಿರೋ ಗೆರೆ ಎಲ್ಲಾ ನಿಮಗೆ ಬೇಕಾದ ರೋಡಲ್ಲ. ಮಲೆನಾಡಲ್ಲಿ ಆ ಗೆರೆ ಅಂದ್ರೆ ಮೂರ್ರಲ್ಲಿ ಒಂದು, ಒಂದೋ ಎಸ್ಟೇಟಿನ ಖಾಸಗಿ ದಾರಿ, ಕೊನೆಗೆ ಗೇಟು ಮತ್ತೆ ನಾಯಿ, ಇಲ್ಲಾಂದ್ರೆ ಯಾರದೋ ಮನೆ ಅಂಗಳದಲ್ಲಿ ಮುಗಿಯೋ ದಾರಿ, ಇಲ್ಲಾಂದ್ರೆ 18 ಪರ್ಸೆಂಟ್ ಏರಿರೋ ಕಾಂಕ್ರೀಟ್ ಪಟ್ಟಿ, ಅದು ಜೀಪಿಗೆ ಅಂತ ಮಾಡಿರೋದು.

ನಾನು ರೂಟ್ ಹುಡುಕೋದು ಬೇರೆ ಥರ. ಬಸ್ ಹೋಗುತ್ತಾ ಅಂತ ನೋಡ್ತೀನಿ. ದಿನಕ್ಕೆ ನಾಲ್ಕು, ಐದು, ಆರು ಬಸ್ ಹೋಗೋ ರೋಡ್ ಇದ್ಯಲ್ಲ, ಸೈಕಲ್ಲಿಗೆ ಅದಕ್ಕಿಂತ ಒಳ್ಳೇದಿಲ್ಲ. ಬಸ್ ಹತ್ತುತ್ತೆ ಅಂದ್ರೆ ಏರು ವಿಪರೀತ ಇರಲ್ಲ. ಬಸ್ ಓಡುತ್ತೆ ಅಂದ್ರೆ ಗುಂಡಿ ಬಿದ್ರೂ ಯಾರೋ ಮುಚ್ಚಿಸ್ತಾರೆ, ಮಳೆಗಾಲದಲ್ಲಿ ಮರ ಬಿದ್ರೆ ಕಡೀತಾರೆ. ಐದಾರು ಕಿಮೀಗೊಂದು ಬಸ್‌ಸ್ಟಾಂಡ್ ಕಟ್ಟೆ, ಪಕ್ಕದಲ್ಲೊಂದು ಅಂಗಡಿ, ಅಲ್ಲಿ ಒಬ್ಬ ಅಜ್ಜಿನಾದ್ರೂ ಕೂತಿರ್ತಾರೆ. ಒಬ್ಬಳೇ ಹೋಗೋವಾಗ ಪೂರ್ತಿ ಖಾಲಿ ರೋಡು ನಂಗೆ ನಿರಾಳ ಅನ್ಸಲ್ಲ, ನಿಜ ಹೇಳ್ಬೇಕಂದ್ರೆ. ಗಾಡಿ ಕಮ್ಮಿ ಇರ್ಬೇಕು, ಜನ ಇರ್ಬೇಕು. ಚೈನ್ ತುಂಡಾಗಿ ರಿಪೇರಿ ಆಗ್ಲಿಲ್ಲ ಅಂದ್ರೆ ಕೈ ಅಡ್ಡ ಹಾಕಿದ್ರೆ ಬಸ್ ನಿಲ್ಲಿಸ್ತಾರೆ, ಸೈಕಲ್ ಟಾಪ್ ಮೇಲೋ ಹಿಂದಿನ ಡಿಕ್ಕಿಗೋ ಹಾಕಿ ಲಗೇಜ್ ಚೀಟಿ ಹರೀತಾರೆ. ಬಸ್ಸಿಲ್ಲದ ರೋಡಲ್ಲಿ ಅದೇ ರಿಪೇರಿ ಅಂದ್ರೆ ಇಡೀ ಸಂಜೆ ತಳ್ಕೊಂಡು ಹೋಗೋದು.

ರೋಬಸ್ಟಾ
ಈ ಬಸ್ ಸೂತ್ರ ನಂಗೆ ಹೊಳೆದೇ ಇರ್ಲಿಲ್ಲ, ಆದ್ರೆ ಹೌದು, ಕರೆಕ್ಟ್. ಒಂದು ಸೇರಿಸ್ತೀನಿ, ಕೊಪ್ಪ ಶೃಂಗೇರಿ ಕಡೆ ಸಹಕಾರ ಸಾರಿಗೆ ಬಸ್ಸು 2020ರಲ್ಲಿ ನಿಂತೋದ್ಮೇಲೆ ಒಳಗಿನ ಎಷ್ಟೋ ಊರಿಗೆ ಬಸ್ ಕಮ್ಮಿ ಆಗಿದೆ. ಹಳೇ ಟೈಮ್‌ಟೇಬಲ್ ನಂಬ್ಕೊಂಡು ಹೋಗ್ಬೇಡಿ, ಹಿಂದಿನ ದಿನ ಸ್ಟಾಂಡಲ್ಲಿ ವಿಚಾರಿಸಿ.

ಎರಡ್ನೇ ದಿನ ಹೇಳ್ತೀನಿ. ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು. ಆಲ್ದೂರು ತನಕ ಗಾಡಿ ಇರುತ್ತೆ, ಆಮೇಲೆ ಕಮ್ಮಿ ಆಗ್ತಾ ಹೋಗುತ್ತೆ. ಬಾಳೆಹೊನ್ನೂರಲ್ಲಿ ಭದ್ರಾ ನದಿ ಸಿಗುತ್ತೆ, ಕಾಫಿ ಸಂಶೋಧನಾ ಕೇಂದ್ರ ಅಲ್ಲೇ, 1925ರದ್ದು. ಅಲ್ಲಿಂದ ಮಾಗುಂಡಿ ಮೇಲೆ ಕಳಸ, ಇದು ನನ್ನ ಪ್ರಕಾರ ಇಡೀ ಜಿಲ್ಲೇಲಿ ಸೈಕಲಿಗೆ ಹೇಳಿ ಮಾಡಿಸಿದ ರೋಡು. ಹೊಳೆ ಬಿಟ್ಟು ಹೋಗುತ್ತೆ, ಮತ್ತೆ ಸಿಗುತ್ತೆ, ಒಂದೇ ಸಮ ಏರು ಅಂತ ಇಲ್ಲ, ಹತ್ತೋದು ಇಳಿಯೋದು ಹತ್ತೋದು ಇಳಿಯೋದು, ಮೀಟರಲ್ಲಿ ನೋಡಿದ್ರೆ ಏನೂ ಹತ್ತಿಲ್ಲ ಅನ್ಸುತ್ತೆ, ಕಳಸ ಸೇರೋ ಹೊತ್ತಿಗೆ ತೊಡೆ ಗೊತ್ತು ಮಾಡುತ್ತೆ. ಒಟ್ಟು ತೊಂಬತ್ತರ ಹತ್ರ ಆಗುತ್ತೆ, ನಿಮ್ಮ ಎಂಬತ್ತಕ್ಕಿಂತ ಜಾಸ್ತಿ, ಬೇಗ ಹೊರಡಿ. ಮಳೆಗಾಲದಲ್ಲಿ ಕಳಸ–ಹೊರನಾಡು ಮಧ್ಯದ ಹೆಬ್ಬಾಳೆ ಸೇತುವೆ ಮುಳುಗಿರೋದು ಟೀವಿಲಿ ನೋಡಿರ್ತೀರಲ್ಲ, ಡಿಸೆಂಬರಲ್ಲಿ ಆ ನದಿಲಿ ಕಾಲು ಇಳಿಬಿಟ್ಟು ಕೂರ್ಬಹುದು.

ಸಂತವೇರಿ_ಕಡೆಯೋನು
ಡಿಸೆಂಬರ್ ಅಂದ್ರೆ ಕಾಫಿ ಕುಯ್ಲು ಅನ್ನೋದು ಮರೀಬೇಡಿ. ಬೆಳಗ್ಗೆ ಏಳೂವರೆಯಿಂದ ಎಂಟೂವರೆ ತನಕ ಆಳುಗಳನ್ನ ತುಂಬ್ಕೊಂಡು ಜೀಪು ಪಿಕಪ್ಪು ಓಡ್ತಾವೆ, ಸಂಜೆ ನಾಲ್ಕೂವರೆಯಿಂದ ಐದೂವರೆ ಮತ್ತೆ. ಅವ್ರಿಗೆ ಟೈಮಿಲ್ಲ, ತಿರುವಲ್ಲಿ ಎರಡು ಸಲ ಹಾರ್ನ್ ಹೊಡೆದು ಬ್ರೇಕ್ ಹಾಕ್ದೆ ಬರ್ತಾರೆ. ಎರಡು ಹಾರ್ನ್ ಕೇಳಿಸ್ತು ಅಂದ್ರೆ ಎಡಗಾಲು ನೆಲಕ್ಕೆ ಇಟ್ಟು ನಿಂತುಬಿಡಿ. ಆ ಒಂದು ಗಂಟೆ ತಿಂಡಿಗೆ ಕೂತ್ಬಿಡಿ, ಕಡುಬೋ ಅಕ್ಕಿ ರೊಟ್ಟಿನೋ ತಿನ್ನಿ, ಒಂಬತ್ತಕ್ಕೆ ಹೊರಟ್ರೆ ರೋಡ್ ನಿಮ್ದೇ. ಮಧ್ಯಾಹ್ನ ಮೂರರ ಮೇಲೆ ಸಣ್ಣ ಹೋಟೆಲಲ್ಲಿ ಊಟ ಸಿಗಲ್ಲ ಅನ್ನೋದೂ ಗಮನದಲ್ಲಿರ್ಲಿ.

ಇನ್ನೊಂದು, ರೋಡಿನ ಅಂಚು. ಟಾರ್ ಮೇಲೆ ಟಾರ್ ಹಾಕಿ ಹಾಕಿ ಅಂಚು ಮೂರ್ನಾಲ್ಕು ಇಂಚು ಎತ್ತರ ನಿಂತಿರುತ್ತೆ, ಜೀಪಿಗೆ ಜಾಗ ಬಿಡೋಕೆ ಹೋಗಿ ತೆಳ್ಳನೆ ಟೈರು ಅಲ್ಲಿಂದ ಜಾರಿದ್ರೆ ವಾಪಸ್ ಹತ್ತಲ್ಲ, ಬೀಳ್ತೀರ. ಅಗಲ ಇರೋ ಜಾಗ ಮೊದ್ಲೇ ನೋಡ್ಕೊಂಡು ನಿಂತು ಬಿಡೋದು ವಾಸಿ. ಸಿಲ್ವರ್ ಓಕ್ ನೆರಳು ದಟ್ಟ ಇರೋ ಕಡೆ, ಬಂಡೆಯಿಂದ ನೀರು ಜಿನುಗೋ ತಿರುವಲ್ಲಿ ಡಿಸೆಂಬರಲ್ಲೂ ಪಾಚಿ ಒಣಗಿರಲ್ಲ, ಕಪ್ಪಗೆ ಮಿಂಚ್ತಿದ್ರೆ ಅದು ಹೊಸ ಟಾರಲ್ಲ. ಅಲ್ಲಿ ಬ್ರೇಕ್ ಮುಟ್ಬೇಡಿ, ಅದಕ್ಕೆ ಮುಂಚೆನೇ ಸ್ಪೀಡ್ ಇಳಿಸ್ಕೊಂಡು ಸೈಕಲ್ ನೆಟ್ಟಗಿಟ್ಟು ದಾಟಿ.

ಗೇರ್_ಮೇಷ್ಟ್ರು
ಬ್ರೇಕ್ ಮಾತು ಬಂತಲ್ಲ. ರಿಮ್ ಬ್ರೇಕಾ ಡಿಸ್ಕಾ ಹೇಳ್ಲಿಲ್ಲ ನೀವು. ರಿಮ್ ಆದ್ರೆ ಇಳಿಜಾರಲ್ಲಿ ಉದ್ದಕ್ಕೂ ಹಿಡ್ಕೊಂಡೇ ಬರ್ಬೇಡಿ, ರಿಮ್ ಕಾದು ಟ್ಯೂಬ್ ಸಿಡಿಯುತ್ತೆ. ತಿರುವಿಗೆ ಮುಂಚೆ ಗಟ್ಟಿ ಹಿಡಿದು ಬಿಡಿ, ಗಾಳಿಗೆ ತಣ್ಣಗಾಗ್ಲಿ, ಮತ್ತೆ ಹಿಡಿರಿ. ಫ್ರೇಮಲ್ಲಿ ಜಾಗ ಇದ್ರೆ 32 ಎಂಎಂ ಟೈರು ಹಾಕಿ, ಪ್ರೆಷರ್ 60-65 ಪಿಎಸ್‌ಐ ಸಾಕು, ಬೆಂಗಳೂರು ಥರ 100 ಹೊಡ್ಕೊಂಡು ಬಂದ್ರೆ ಆ ರೋಡಲ್ಲಿ ಹಲ್ಲು ಅಲ್ಲಾಡುತ್ತೆ.

ಎರಡ್‌ಚಕ್ರ
ಡಿಸ್ಕ್ ಸರ್. 32 ಕೂರುತ್ತೆ ಅನ್ಸುತ್ತೆ, ನೋಡ್ತೀನಿ. ಕಳಸದಿಂದ ಮೂರ್ನೇ ದಿನ?

ರೋಬಸ್ಟಾ
ಕಳಸ, ಹಿರೇಬೈಲು, ನಿಡುವಾಳೆ, ಬಾಳೂರು ಹ್ಯಾಂಡ್‌ಪೋಸ್ಟ್, ಕೊಟ್ಟಿಗೆಹಾರ. ಬಸ್ ರೂಟೇ, ಆದ್ರೂ ವಾರದ ದಿನ ನಿಶ್ಶಬ್ದ. ಬಾಳೂರು ಪಕ್ಕದಲ್ಲೇ ಜಾವಳಿ, ಹೇಮಾವತಿ ಹುಟ್ಟೋ ಜಾಗ, ಬೇಕಾದ್ರೆ ಹೋಗಿ ನೋಡ್ಕೊಂಡು ಬನ್ನಿ. ಎಡಗಡೆ ಬಲಗಡೆ ಎಲ್ಲಾ ತೋಟ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನದೆ ಹೋದೋರಿಲ್ಲ. ಅಲ್ಲಿಂದ ಮೂಡಿಗೆರೆ ತನಕ ಹದಿನೈದು ಹದಿನಾರು ಕಿಮೀ ನ್ಯಾಷನಲ್ ಹೈವೇ 73, ಚಾರ್ಮಾಡಿ ಹತ್ತಿ ಬರೋ ಗಾಡಿ ಎಲ್ಲಾ ಅದ್ರಲ್ಲೇ. ಅದೊಂದನ್ನ ತಪ್ಪಿಸೋಕೆ ಸುಲಭದ ದಾರಿ ಇಲ್ಲ. ಶುಕ್ರವಾರ ಸಂಜೆ, ಶನಿವಾರ, ಭಾನುವಾರ ಅಲ್ಲಿರೋ ಹಂಗೆ ಪ್ಲಾನ್ ಮಾಡ್ಬೇಡಿ. ಮೂಡಿಗೆರೆಯಿಂದ ಹಾಂದಿ ಮೇಲೆ ಚಿಕ್ಕಮಗಳೂರು, ಸುಸ್ತಾಗಿದ್ರೆ ಮೂಡಿಗೆರೆಲೇ ಬಸ್ ಹತ್ತಿ.

ಘಾಟಿಹುಚ್ಚು
ದೇವರಮನೆ ಗುಡ್ಡ ಬಿಟ್ರಲ್ಲ?

ರೋಬಸ್ಟಾ
ಬೇಕಂತಲೇ ಬಿಟ್ಟೆ. ರೀಲ್ಸ್ ಬಂದ್ಮೇಲೆ ಅಲ್ಲಿ ವೀಕೆಂಡ್ ಏನಾಗ್ತಿದೆ ಅಂತ ಗೊತ್ತಲ್ಲ. ಗುಡ್ಡದ ಮೇಲೆ ಥಾರು, ಬ್ಲೂಟೂತ್ ಸ್ಪೀಕರು, ಬಾಟ್ಲಿ. ಅದಕ್ಕೇ ನಂಗೆ ಈ ಥರ ರೂಟೆಲ್ಲಾ ಬರೆದು ಹಾಕೋದೇ ಒಂಥರಾ. ಮಾಗುಂಡಿ ರೋಡ್ ಹೆಸರು ಹೇಳಿದ್ಮೇಲೆ ಯಾಕೆ ಹೇಳಿದ್ನೋ ಅನ್ಸ್ತಿದೆ. ಇಲ್ಲಿ ಜಿಪಿಎಕ್ಸ್ ಫೈಲ್ (ಜಿಪಿಎಸ್‌ಗೆ ಹಾಕ್ಕೊಳ್ಳೋ ರೂಟ್ ಫೈಲ್) ಹಾಕಿ ಅಂತ ಮುಂದೆ ಯಾರಾದ್ರೂ ಕೇಳ್ತಾರೆ ನೋಡಿ.

ಪಂಕ್ಚರ್_ಅಂಗಡಿ
ಜಿಪಿಎಕ್ಸ್ ಫೈಲ್ ಹಾಕಿ ಸರ್ 🙏

ಸಂತವೇರಿ_ಕಡೆಯೋನು
😂😂

ರೋಬಸ್ಟಾ, ನಿಮ್ಮ ಸಂಕಟ ಅರ್ಥ ಆಗುತ್ತೆ ಆದ್ರೆ ನಾನು ಒಪ್ಪಲ್ಲ. ಆ ರೋಡು ಯಾರಪ್ಪಂದೂ ಅಲ್ಲ, ಎಲ್ರ ತೆರಿಗೆ ದುಡ್ಡಲ್ಲಿ ಹಾಕಿರೋದು. ಸೈಕಲಲ್ಲಿ ಒಬ್ರು ಇಬ್ರು ಬಂದ್ರೆ ಅಂಗಡಿಯವ್ರಿಗೆ ನಾಲ್ಕು ಟೀ ವ್ಯಾಪಾರ, ಮಾತಿಗೆ ಜನ, ಯಾರಿಗೂ ತೊಂದ್ರೆ ಇಲ್ಲ. ನಮಗೆ ಕಷ್ಟ ಆಗೋದು ಇಪ್ಪತ್ತು ಜನ ಒಟ್ಟಿಗೆ ಬರ್ತಾರಲ್ಲ, ಮೂರು ಮೂರು ಸಾಲಾಗಿ, ಹಿಂದೆ ಒಂದು ಕಾರು ಹಜಾರ್ಡ್ ಲೈಟ್ ಹಾಕ್ಕೊಂಡು ಇಪ್ಪತ್ತರಲ್ಲಿ, ಆಳು ಬಿಡೋಕೆ ಹೊರಟ ಜೀಪು ಅದರ ಹಿಂದೆ. ಹೋದ್ಮೇಲೆ ರೋಡ್ ತುಂಬಾ ಜೆಲ್ ಪ್ಯಾಕೆಟ್ಟು. ಇಲ್ಲಿ ಕೇಳ್ತಿರೋ ಹುಡುಗ ಒಬ್ಬನೇ ಬರ್ತಿದಾನೆ, ಬರ್ಲಿ ಬಿಡಿ.

ರೋಬಸ್ಟಾ
ಅವ್ರು ಬರ್ಲಿ, ಅವ್ರ ಬಗ್ಗೆ ಅಲ್ಲ. ಇದನ್ನ ಓದಿ ಥಾರ್ ತಗೊಂಡು ಬರೋನ ಬಗ್ಗೆ.

ಹೆತ್ತೂರ್_ಹೈದ
ಥಾರ್ ನವ್ನು ಇಷ್ಟುದ್ದ ಓದಲ್ಲ ಬಿಡಿ

ಧಾರವಾಡ_ಫೇಡಾ
😂 ಖರೇ ಮಾತು

ಎರಡ್‌ಚಕ್ರ
ನಾನು ಒಬ್ನೇ ಬರೋದು, ಜಾಸ್ತಿ ಅಂದ್ರೆ ಇನ್ನೊಬ್ಬ ಫ್ರೆಂಡು. ಜಿಪಿಎಕ್ಸ್ ಹಾಕಲ್ಲ, ಪ್ರಾಮಿಸ್. ಮಂಗಳವಾರ ಶುರು ಮಾಡಿ ಗುರುವಾರ ಮಧ್ಯಾಹ್ನಕ್ಕೆ ಕೊಟ್ಟಿಗೆಹಾರ ದಾಟೋ ಹಂಗೆ ನೋಡ್ತೀನಿ. ಉಳಿಯೋಕೆ ಕಳಸದಲ್ಲಿ ಸೈಕಲ್ ರೂಮಿಗೆ ಬಿಡೋ ಲಾಡ್ಜ್ ಸಿಗುತ್ತಾ? ಮತ್ತೆ ನಾಯಿ ಬಗ್ಗೆ ಸ್ವಲ್ಪ ಭಯ ಇದೆ.

ಒಬ್ಬಳೇ_ಸವಾರಿ
ಲಾಡ್ಜ್ ಬೇಕಾದಷ್ಟಿವೆ, ಕಳಸ ಹೊರನಾಡು ಯಾತ್ರೆಗೆ ಬರೋ ಜಾಗ ಅಲ್ವಾ. ಫೋನ್ ಮಾಡೋವಾಗ್ಲೇ ನೆಲಮಹಡಿ ರೂಮ್ ಕೇಳಿ, ಚಕ್ರ ಒರೆಸ್ಕೊಂಡು ಒಳಗೆ ಇಡ್ತೀನಿ ಅಂದ್ರೆ ಸಾಮಾನ್ಯವಾಗಿ ಬೇಡ ಅನ್ನಲ್ಲ. ಹುಣ್ಣಿಮೆ ಅಮಾವಾಸ್ಯೆ ಹತ್ರ ಮಾತ್ರ ಮೊದ್ಲೇ ಬುಕ್ ಮಾಡಿ.

ನಾಯಿಗೆ, ಓಡಿಸ್ಕೊಂಡು ಹೋದ್ರೆ ಅದಕ್ಕೆ ಆಟ, ಅದೂ ಏರಲ್ಲಿ ನೀವು ಎಲ್ಲಿ ಓಡ್ತೀರ. ಇಳಿದುಬಿಡಿ. ಸೈಕಲ್ ಮಧ್ಯ ಇಟ್ಕೊಂಡು ನಿಧಾನ ನಡ್ಕೊಂಡು ಮನೆ ದಾಟಿ, ಗಟ್ಟಿಯಾಗಿ ಮನೆಯವ್ರನ್ನ ಕೂಗಿ. ಎಸ್ಟೇಟ್ ಗೇಟ್ ಪಕ್ಕದ ನಾಯಿಗಳು ಜೋರು, ಪೇಟೆ ನಾಯಿಗಳು ಸೋಂಬೇರಿಗಳು.

ತುಳುನಾಡ್_ಸೈಕಲ್
ಇಂಬಳದ ವಿಷಯ ಯಾರೂ ಹೇಳ್ಲಿಲ್ಲ. ಡಿಸೆಂಬರಿಗೆ ಕಮ್ಮಿ, ಆದ್ರೆ ಹಿಂದಿನ ವಾರ ಮಳೆ ಬಂದಿದ್ರೆ ಹುಲ್ಲಿನ ಮೇಲೆ ಕೂತ್ಕೊಳ್ಬೇಡಿ. ಕಚ್ಚಿದ್ರೆ ಎಳೆಯುದಲ್ಲ, ಉಪ್ಪು ಹಾಕಿ.

ಗೇರ್_ಮೇಷ್ಟ್ರು
ಕೊನೆಗೆ ಸಾಮಾನಿನ ವಿಷ್ಯ. ಎರಡು ಟ್ಯೂಬು, ಪ್ಯಾಚು, ಪಂಪು (ಗಾಳಿ ತುಂಬೋಕೆ ಸಿಒ2 ಕ್ಯಾನ್ ಮಾತ್ರ ನಂಬ್ಕೋಬೇಡಿ), ಚೈನ್ ಲಿಂಕು, ನಿಮ್ಮ ಫ್ರೇಮಿಗೆ ಹೊಂದೋ ಡಿರೇಲರ್ ಹ್ಯಾಂಗರ್ ಒಂದು, ಒಂದು ಜೊತೆ ಡಿಸ್ಕ್ ಪ್ಯಾಡು. ಹ್ಯಾಂಗರ್, ಪ್ಯಾಡು ಎರಡೂ ಮೂಡಿಗೆರೆ ಕಳಸದಲ್ಲಿ ಸಿಗೋ ನಂಬಿಕೆ ಇಟ್ಕೋಬೇಡಿ. ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ, ಮಾಗುಂಡಿ ದಾಟಿದ್ಮೇಲೆ ನೆಟ್‌ವರ್ಕ್ ಬಂದ್ರೆ ಬಂತು. ಬೆಳಗ್ಗೆ ಇಬ್ಬನಿ ಇರುತ್ತೆ, ಹಿಂದಿನ ಲೈಟ್ ಹಗಲಲ್ಲೂ ಹಾಕ್ಕೊಂಡಿರಿ.

ಎರಡ್‌ಚಕ್ರ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಂತವೇರಿ ಸರ್, ಲಿಂಗದಹಳ್ಳಿಲಿ ಊಟಕ್ಕೆ ಎಷ್ಟೊತ್ತಿಗೆ ತಲುಪಿದ್ರೆ ಸೇಫು?

ಸಂತವೇರಿ_ಕಡೆಯೋನು
ಒಂದೂವರೆ. ಎರಡು ದಾಟಿದ್ರೆ ಬೋಂಡ ಬಾಳೆಹಣ್ಣಲ್ಲೇ ಘಾಟಿ ಹತ್ಬೇಕಾಗುತ್ತೆ.